ಪರದೆ ಕಟ್ಟಲು ಯಾರ ಅಪ್ಪಣೆ ಬೇಕು?

ಬ್ಯಾಂಕಿನ ಆ್ಯಪ್ ತೆರೆದು, ದಿಕ್ಕು ತೋಚದೆ, "ಇದೊಂಚೂರು ನೋಡಪ್ಪ" ಎಂದು ಫೋನನ್ನು ನಿಮ್ಮ ಕೈಗಿಡುವವರು ನಿಮ್ಮ ಮನೆಯಲ್ಲೂ ಇದ್ದಾರೆ. ಗ್ಯಾಸ್ ಬುಕ್ ಮಾಡಿಕೊಟ್ಟಿದ್ದೀರಿ, ಪಹಣಿ ತೆಗೆದುಕೊಟ್ಟಿದ್ದೀರಿ, ರೀಚಾರ್ಜ್ ಮಾಡಿಸಿದ್ದೀರಿ. ಅವರ ಬೆರಳು ಎಲ್ಲಿ ತಡವರಿಸುತ್ತದೆ, ಯಾವ ಬಟನ್ ಅವರ ಕಣ್ಣಿಗೇ ಬೀಳುವುದಿಲ್ಲ, ಯಾವ ಇಂಗ್ಲಿಷ್ ಸಾಲು ಕಂಡಕೂಡಲೇ ಹೆದರಿ ಹಿಂದಕ್ಕೆ ಹೋಗುತ್ತಾರೆ ಎಂಬುದೆಲ್ಲ ನಿಮಗೆ ಬಾಯಿಪಾಠ. ಆ ಆ್ಯಪ್ ಕಟ್ಟಿದ ಇಂಜಿನಿಯರಿಗೆ ಇಷ್ಟು ಗೊತ್ತಿದ್ದರೆ ನಿಮ್ಮ ಅಮ್ಮ ನಿಮ್ಮನ್ನು ಕರೆಯುತ್ತಲೇ ಇರಲಿಲ್ಲ. ಕಲಿಸಲು ಕಷ್ಟವಾದದ್ದು ನಿಮಗಾಗಲೇ ಬಂದಿದೆ. ಉಳಿದಿರುವುದು ಕೋಡು. ಅದನ್ನು ಕಲಿಯಲು ಯಾವ ಸೆಮಿಸ್ಟರಿಗೆ ಕಾಯುತ್ತಿದ್ದೀರಿ?

ಒಂದು ಕಾಲಕ್ಕೆ ಒಂದೇ ಆ್ಯಪನ್ನು ಎರಡು ಸಲ ಬರೆಯಬೇಕಿತ್ತು. ಆಂಡ್ರಾಯ್ಡ್‌ಗೆ ಜಾವಾದಲ್ಲಿ ಒಮ್ಮೆ, ಐಫೋನಿಗೆ ಆಬ್ಜೆಕ್ಟಿವ್-ಸಿಯಲ್ಲಿ ಇನ್ನೊಮ್ಮೆ. ಎರಡು ತಂಡ, ಎರಡು ಖರ್ಚು. 2015ರಲ್ಲಿ ಫೇಸ್‌ಬುಕ್ ಒಮ್ಮೆ ಬರೆದದ್ದನ್ನು ಎರಡರಲ್ಲೂ ಓಡಿಸುವ 'ರಿಯಾಕ್ಟ್ ನೇಟಿವ್' ಅನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. 2018ರ ಡಿಸೆಂಬರಿನಲ್ಲಿ ಗೂಗಲ್ಲಿನ ಅಂಥದ್ದೇ ಸಾಧನ 'ಫ್ಲಟರ್'ನ ಮೊದಲ ಪೂರ್ಣ ಆವೃತ್ತಿ ಬಂತು. 2022ರ ಹೊತ್ತಿಗೆ ಅದರಲ್ಲಿ ಬರೆದ ಒಂದೇ ಕೋಡು ಆಂಡ್ರಾಯ್ಡ್, ಐಫೋನ್, ವೆಬ್, ವಿಂಡೋಸ್, ಮ್ಯಾಕ್, ಲಿನಕ್ಸ್ ಆರರಲ್ಲೂ ಓಡುವಂತಾಯಿತು. ಎರಡೂ ಮುಕ್ತ ತಂತ್ರಾಂಶಗಳೇ, ಕಾಸು ಕೇಳುವುದಿಲ್ಲ. ಯಾವುದು ಮೇಲು ಎಂಬ ಜಗಳವನ್ನು ಕ್ಯಾಂಟೀನಿಗೆ ಬಿಡಿ. ಜಾವಾಸ್ಕ್ರಿಪ್ಟ್ ಬರುತ್ತಿದ್ದರೆ ರಿಯಾಕ್ಟ್ ನೇಟಿವ್ ಹಿಡಿಯಿರಿ. ಏನೂ ಬರದಿದ್ದರೆ ಫ್ಲಟರ್ ಎನ್ನುತ್ತೇನೆ, ಏಕೆಂದರೆ ಅದರಲ್ಲಿ ತಪ್ಪು ಮಾಡಿದರೆ ಕಣ್ಣಿಗೆ ರಾಚುವಂತೆ ತೋರಿಸುತ್ತದೆ. ಕಲಿಯುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಲ್ಯಾಪ್‌ಟಾಪ್ ಹಳೆಯದು ಎಂಬ ನೆಪ ಬೇಡ. ಪರದೆಯ ಮೇಲೆ ನಕಲಿ ಫೋನು ತೋರಿಸುವ ಎಮ್ಯುಲೇಟರ್ ಓಡಿಸಿ ಅದರ ಉಸಿರು ಕಟ್ಟಿಸುವ ಬದಲು ನಿಮ್ಮ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ 'ಬಿಲ್ಡ್ ನಂಬರ್' ಮೇಲೆ ಏಳು ಸಲ ಒತ್ತಿ. ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಕೇಬಲ್ ಚುಚ್ಚಿದರೆ ಆಯಿತು, ನೀವು ಬರೆದ ಆ್ಯಪ್ ಫೋನಿನಲ್ಲೇ ಓಡುತ್ತದೆ. ಲ್ಯಾಪ್‌ಟಾಪೇ ಇಲ್ಲವೇ? ಕಾಲೇಜಿನ ಲ್ಯಾಬಿನಲ್ಲಿ ಬ್ರೌಸರ್ ತೆರೆದು 'ಡಾರ್ಟ್‌ಪ್ಯಾಡ್'ಗೆ ಹೋಗಿ; ಏನನ್ನೂ ಇನ್‌ಸ್ಟಾಲ್ ಮಾಡದೆ ಅಲ್ಲೇ ಫ್ಲಟರ್ ಬರೆಯಬಹುದು. ಐಫೋನಿಗೆ ಆ್ಯಪ್ ತಯಾರಿಸಲು ಮಾತ್ರ ಮ್ಯಾಕ್ ಬೇಕೇ ಬೇಕು. ಆ ಚಿಂತೆ ಈಗಲೇ ಬೇಡ.

ಏನು ಕಟ್ಟುವುದು? ಯೂಟ್ಯೂಬಿನ ಪಾಠಗಳೆಲ್ಲ ಕೆಲಸದ ಪಟ್ಟಿಯನ್ನೋ ಕ್ಯಾಲ್ಕುಲೇಟರನ್ನೋ ಕಟ್ಟಿಸುತ್ತವೆ. ಅದು ಯಾರಿಗೂ ಬೇಡದ ಸರಕು. ನಿಮ್ಮೂರ ಹಾಲಿನ ಡೈರಿಗೆ ಬೆಳಿಗ್ಗೆ ಹೋಗಿ ನಿಲ್ಲಿ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು "ಸಾರ್, ನಂದು ಫ್ಯಾಟ್ ಎಷ್ಟು ಬಂತು?" ಎಂದು ಕೇಳುತ್ತಿರುತ್ತಾರೆ. ಅವರಿಗಾಗಿ ಒಂದೇ ಒಂದು ಪರದೆ ಕಟ್ಟಿ: ಮೇಲೆ ದಿನಾಂಕ, ಕೆಳಗೆ ಸಾಲುಸಾಲಾಗಿ ಸದಸ್ಯರ ಹೆಸರು, ಲೀಟರು, ಫ್ಯಾಟು.

ಫ್ಲಟರಿನಲ್ಲಿ ಪರದೆಯ ಮೇಲಿನ ಎಲ್ಲವೂ 'ವಿಡ್ಜೆಟ್'. ಅಕ್ಷರಕ್ಕೆ 'ಟೆಕ್ಸ್ಟ್', ಅಡ್ಡ ಸಾಲಿಗೆ 'ರೋ', ಮೇಲಿಂದ ಕೆಳಕ್ಕೆ ಜೋಡಿಸಲು 'ಕಾಲಮ್', ಉದ್ದ ಪಟ್ಟಿಗೆ 'ಲಿಸ್ಟ್‌ವ್ಯೂ'. ಒಂದರೊಳಗೆ ಒಂದನ್ನು ಇಡುತ್ತಾ ಹೋಗುವುದೇ ಕೆಲಸ. ನಿಮ್ಮ ಮೊದಲ ರೋ ಚೆನ್ನಾಗಿಯೇ ಬರುತ್ತದೆ: "ರಾಜು, 6.5, 4.1". ಎರಡನೆಯ ಸದಸ್ಯರ ಹೆಸರು 'ಚಿಕ್ಕವೆಂಕಟರಮಣೇಗೌಡ' ಎಂದಿರಲಿ. ಪರದೆಯ ಬಲ ಅಂಚಿನಲ್ಲಿ ಹಳದಿ-ಕಪ್ಪು ಪಟ್ಟೆ ಎದ್ದು ನಿಲ್ಲುತ್ತದೆ. ಇಷ್ಟು ಪಿಕ್ಸೆಲ್ ಹೊರಗೆ ಚೆಲ್ಲಿದೆ ಎಂದು ಲೆಕ್ಕವನ್ನೂ ಕೊಡುತ್ತದೆ. ಇಲ್ಲೇ ಬಹಳ ಮಂದಿ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಾರೆ. ನೀವು ಮುಚ್ಚಬೇಡಿ, ಪಾಠ ಶುರುವಾಗುವುದೇ ಈಗ.

ರೋ ತನ್ನೊಳಗಿನ ಮಕ್ಕಳಿಗೆ ಅಗಲದ ಮಿತಿ ಹೇಳುವುದಿಲ್ಲ. ಎಷ್ಟು ಬೇಕೋ ಅಷ್ಟು ತಗೋ ಎನ್ನುತ್ತದೆ. ಮೂವರ ಬಸ್ ಸೀಟಿನಲ್ಲಿ ಕಿಟಕಿ ಪಕ್ಕದವರು ಕಾಲು ಚಾಚಿ ಕೂತರೆ ಕೊನೆಯವರು ಅರ್ಧ ಹೊರಗಿರುವಂತೆ, ಹೆಸರು ಅಗಲವಾಯಿತು, ಫ್ಯಾಟು ಅಂಚಿನಾಚೆ ಹೋಯಿತು. ಆ ಹೆಸರಿನ ಟೆಕ್ಸ್ಟನ್ನು 'ಎಕ್ಸ್‌ಪ್ಯಾಂಡೆಡ್' ಒಳಗೆ ಇಡಿ. ಆಗ ರೋ ಮೊದಲು ಲೀಟರು, ಫ್ಯಾಟುಗಳಿಗೆ ಜಾಗ ಕೊಟ್ಟು, ಮಿಕ್ಕದ್ದನ್ನು ಹೆಸರಿಗೆ ಬಿಡುತ್ತದೆ. ಹೆಸರು ಎರಡು ಸಾಲಾಗಿ ಮಡಚಿಕೊಳ್ಳುತ್ತದೆ. ಸೇವ್ ಒತ್ತಿದ ಕ್ಷಣಾರ್ಧದಲ್ಲಿ ಪಟ್ಟೆ ಮಾಯ. ಇದಕ್ಕೆ 'ಹಾಟ್ ರೀಲೋಡ್' ಎನ್ನುತ್ತಾರೆ: ಆ್ಯಪನ್ನು ಮತ್ತೆ ಮೊದಲಿಂದ ಓಡಿಸಬೇಕಿಲ್ಲ, ನಿಂತ ಜಾಗದಲ್ಲೇ ಬದಲಾಗುತ್ತದೆ. ಇನ್ನೊಂದು ಮಾತು: ಈ ಪಟ್ಟೆ ಕಾಣುವುದು ಕಟ್ಟುವಾಗ ಮಾತ್ರ. ಬಿಡುಗಡೆಯಾದ ಆ್ಯಪಿನಲ್ಲಿ ಪಟ್ಟೆ ಬರುವುದಿಲ್ಲ, ಗೌಡರ ಫ್ಯಾಟು ಸದ್ದಿಲ್ಲದೆ ಕಾಣೆಯಾಗುತ್ತದೆ. ಅದಕ್ಕೇ ಹೇಳುವುದು, ಉದ್ದನೆಯ ಹೆಸರು ಹಾಕಿಯೇ ಪರೀಕ್ಷಿಸಿ. ಫೋನಿನ ಅಕ್ಷರದ ಗಾತ್ರವನ್ನು ಅಜ್ಜಿಗೆ ಕಾಣುವಷ್ಟು ದೊಡ್ಡದು ಮಾಡಿ ಇನ್ನೊಮ್ಮೆ ನೋಡಿ.

ಮುಂದಿನ ಗೋಜಲು 'ಸ್ಟೇಟ್', ಅಂದರೆ ಆ್ಯಪ್ ಒಳಗೆ ನೆನಪಿಟ್ಟುಕೊಂಡಿರುವ, ಬದಲಾಗುತ್ತಿರುವ ಮಾಹಿತಿ. ಬಟನ್ ಒತ್ತಿದರೆ ಲೀಟರು ಹೆಚ್ಚಬೇಕು ಎಂದು ಬರೆಯುತ್ತೀರಿ. ಒತ್ತುತ್ತೀರಿ, ಪರದೆ ಅಲುಗುವುದಿಲ್ಲ. ಒಳಗೆ ಅಂಕಿ ಬದಲಾಗಿದೆ, ಪರದೆಗೆ ಮಾತ್ರ ಸುದ್ದಿ ಮುಟ್ಟಿಲ್ಲ. 'ಸೆಟ್‌ಸ್ಟೇಟ್' ಎಂಬ ಕರೆಯೊಳಗೆ ಆ ಬದಲಾವಣೆಯನ್ನಿಟ್ಟರೆ ವಿಡ್ಜೆಟ್ ತನ್ನನ್ನು ಮತ್ತೆ ಬರೆದುಕೊಳ್ಳುತ್ತದೆ. ರಿಯಾಕ್ಟ್ ನೇಟಿವ್‌ನಲ್ಲೂ ಮೂಲ ವಿಚಾರ ಇದೇ. ಇದು ಒಮ್ಮೆ ತಲೆಗೆ ಹತ್ತಿದರೆ ನಾಳೆ ಬರುವ ಹೊಸ ಸಾಧನವನ್ನೂ ವಾರದಲ್ಲಿ ಪಳಗಿಸುತ್ತೀರಿ.

ಈಗ ಕನ್ನಡಕ್ಕೆ ಬನ್ನಿ. ಇಂಗ್ಲಿಷಿಗೆಂದು ಎತ್ತರ ನಿಗದಿ ಮಾಡಿದ ಬಟನ್ನಿನಲ್ಲಿ 'ರಾಷ್ಟ್ರ' ಎಂದು ಬರೆಯಿರಿ, ಒತ್ತಕ್ಷರದ ಬುಡವೇ ಕತ್ತರಿಸಿಹೋಗಬಹುದು. ಸಾಲುಗಳ ಅಂತರ ಬಿಗಿಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಹೆಸರಿನ ಮೊದಲ ಅಕ್ಷರವನ್ನು ದುಂಡನೆಯ ಚೌಕಟ್ಟಿನಲ್ಲಿ ತೋರಿಸುವ ಆ್ಯಪುಗಳನ್ನು ನೋಡಿದ್ದೀರಲ್ಲ? 'ಶ್ರೀನಿವಾಸ' ಎಂದು ಕೊಟ್ಟರೆ ಬರೀ 'ಶ' ಬಂದು ಕೂರುತ್ತದೆ. ನಮ್ಮ ಕಣ್ಣಿಗೆ 'ಶ್ರೀ' ಒಂದು ಅಕ್ಷರ, ಫ್ಲಟರ್ ಬರೆಯುವ ಡಾರ್ಟ್ ಭಾಷೆ ಎಣಿಸಿದರೆ ಶಕಾರ, ವಿರಾಮ, ರಕಾರ, ದೀರ್ಘ ಸೇರಿ ನಾಲ್ಕು. ಇಂಥದ್ದನ್ನು ಕ್ಯಾಲಿಫೋರ್ನಿಯಾದಲ್ಲಿ ಕೂತವರು ಗಮನಿಸಲಿ ಎಂದು ಕಾಯುವುದು ನ್ಯಾಯವಲ್ಲ, ಅವರಿಗದು ಕಾಣುವುದೇ ಇಲ್ಲ. ಕೆ. ಪಿ. ರಾವ್ ಕನ್ನಡಕ್ಕೊಂದು ಕೀಲಿಮಣೆ ವಿನ್ಯಾಸ ರೂಪಿಸಿದಾಗ, 1998ರಲ್ಲಿ ಶೇಷಾದ್ರಿವಾಸು 'ಬರಹ' ತಂತ್ರಾಂಶ ತಂದಾಗ, ಯಾವ ದೊಡ್ಡ ಕಂಪನಿಯೂ ಬಂದು ಕೇಳಿಕೊಂಡಿರಲಿಲ್ಲ. ಇವತ್ತು ನಾವು ಕನ್ನಡದಲ್ಲಿ ಟೈಪಿಸುತ್ತಿರುವುದರ ಹಿಂದೆ ಅಂಥವರ ಹಟವಿದೆ. ಬರೆಯುವ ದಾರಿ ಅವರು ಮಾಡಿಕೊಟ್ಟರು, ಪರದೆಯ ಕೆಲಸ ನಿಮ್ಮ ಪಾಲಿಗೆ ಉಳಿದಿದೆ.

"ಎಐ ಇದೆಯಲ್ಲ, ಅದೇ ಬರೆದುಕೊಡುತ್ತದೆ" ಅನ್ನುತ್ತೀರಿ. ಬರೆದುಕೊಡಲಿ, ಬರೆಸಿಕೊಳ್ಳಿ. ಆದರೆ ರೋ ಯಾಕೆ ಚೆಲ್ಲಿತು ಎಂದು ತಿಳಿಯದಿದ್ದರೆ ಅದು ಕೊಟ್ಟದ್ದು ಸರಿಯೋ ತಪ್ಪೋ ಎಂದು ಹೇಗೆ ಹೇಳುತ್ತೀರಿ? ಮೊದಲ ಪರದೆಯನ್ನಾದರೂ ಸ್ವಂತ ಕೈಯಿಂದ ಕಟ್ಟಿ.

ಕಟ್ಟಿದ ಮೇಲೆ ಮುಚ್ಚಿಟ್ಟುಕೊಳ್ಳಬೇಡಿ. ಪ್ಲೇ ಸ್ಟೋರಿನ ಡೆವಲಪರ್ ಖಾತೆಗೆ 25 ಡಾಲರ್, ಒಮ್ಮೆ ಕಟ್ಟಿದರೆ ಮುಗಿಯಿತು; ನಾಲ್ವರು ಗೆಳೆಯರು ಹಂಚಿಕೊಂಡರೆ ಹೊರೆಯಲ್ಲ. ಹೊಸ ವೈಯಕ್ತಿಕ ಖಾತೆಯವರು ಆ್ಯಪನ್ನು ಎಲ್ಲರಿಗೂ ಬಿಡುವ ಮುನ್ನ ಕನಿಷ್ಠ 12 ಜನರಿಂದ 14 ದಿನ ಬಿಡದೆ ಪರೀಕ್ಷೆ ಮಾಡಿಸಬೇಕೆಂಬುದು ಗೂಗಲ್ಲಿನ ನಿಯಮ. ಹಲವರು ಇದನ್ನು ಶಾಪವೆಂದುಕೊಂಡು ಅಪರಿಚಿತರನ್ನು ಗುಡ್ಡೆಹಾಕಿ ನಿಯಮ ದಾಟುತ್ತಾರೆ. ನೀವು ಡೈರಿಯ ಸಾಲಿನಲ್ಲಿ ನಿಂತವರನ್ನೇ ಕರೆಯಿರಿ. ಅವರ ಕೈಗೆ ಫೋನು ಕೊಡಿ, "ಇಲ್ಲಿ ಒತ್ತಿ" ಎನ್ನದೆ ಸುಮ್ಮನೆ ನೋಡಿ, ಎಡವಿದ್ದನ್ನು ಅಂದೇ ತಿದ್ದಿ. ಆ ಹನ್ನೆರಡರಲ್ಲಿ ಆರು ಜನರಾದರೂ ಇಂಗ್ಲಿಷ್ ಓದಲು ಬಾರದವರಿರಲಿ.