ನಿಯ್ಯತ್ ಅಲ್ಲಾಹನಿಗೆ ಗೊತ್ತು, ಪುರಾವೆ ನಾವು ಕೇಳಬೇಕು



2003ರ ಮಾರ್ಚ್‌ನಲ್ಲಿ ಅಮೆರಿಕ ಇರಾಕಿನ ಮೇಲೆ ದಾಳಿ ಮಾಡಿತು. ಸಾಮೂಹಿಕ ನಾಶದ ಅಸ್ತ್ರಗಳಿವೆ ಎಂಬುದು ಅದು ಕೊಟ್ಟ ಕಾರಣ. ನಿಜವಾದ ಉದ್ದೇಶ ತೈಲವೋ, ಸದ್ದಾಮರನ್ನು ಕೆಳಗಿಳಿಸುವುದೋ, ಭಯವೋ ಎಂದು ನಾವು ಇಂದಿಗೂ ವಾದಿಸುತ್ತೇವೆ.

ಹೃದಯದ ನಿಯ್ಯತ್ ಅಲ್ಲಾಹನಿಗೇ ಗೊತ್ತು. ಆದರೆ ಹೇಳಿದ ಮಾತನ್ನು ಪರಿಶೀಲಿಸಬಹುದು. ಸುದ್ದಿಯನ್ನು ವಿಚಾರಿಸದೆ ಒಂದು ಜನತೆಗೆ ಹಾನಿ ಮಾಡಿ ಪಶ್ಚಾತ್ತಾಪ ಪಡದಿರಿ ಎಂಬುದೇ ಸೂರಃ ಅಲ್‌ಹುಜುರಾತ್‌ನ ಎಚ್ಚರಿಕೆ. ವಿಶ್ವಸಂಸ್ಥೆಯ ತಪಾಸಕರಿಗೆ ಇನ್ನೂ ಕೆಲವು ತಿಂಗಳು ಬೇಕಿತ್ತು, ಸಿಗಲಿಲ್ಲ. 2004ರಲ್ಲಿ ಅಮೆರಿಕದ್ದೇ ತನಿಖಾ ತಂಡ ಅಂಥ ಅಸ್ತ್ರಗಳ ದಾಸ್ತಾನು ಇರಲಿಲ್ಲ ಎಂದಿತು. ಅಷ್ಟರಲ್ಲಿ ಸಾವಿರಾರು ಮನೆಗಳಿಂದ ಜನಾಝಾ ಹೊರಟಿತ್ತು.

ಪುರಾವೆಯಿಲ್ಲದೆ ಇತರರ ಉದ್ದೇಶವನ್ನು ತೀರ್ಮಾನಿಸುವಾಗ ನಾವೂ ಅದೇ ತಪ್ಪು ಮಾಡುತ್ತೇವೆ. ಯುದ್ಧಕ್ಕೆ ಮೊದಲೇ ಪುರಾವೆ ಕೇಳುವ ಧೈರ್ಯವನ್ನು ಅಲ್ಲಾಹನು ನಮಗೆ ನೀಡಲಿ. ಆಮೀನ್.