ಏಕೋಪಾಧ್ಯಾಯ ಶಾಲೆಯೂ ಊರಿನ ಹೊಣೆಯೂ
(ಉಪನ್ಯಾಸದ ಬರಹರೂಪ)



ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಆ ನೀರು ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ವಾಣಿವಿಲಾಸ ಸಾಗರದಲ್ಲಿ ನಿಲ್ಲುತ್ತದೆ. 1933ರಲ್ಲಿ ಕೋಡಿ ಹರಿದ ಆ ಜಲಾಶಯ ಮತ್ತೆ ಕೋಡಿ ಕಂಡದ್ದು 2022ರಲ್ಲಿ. ಆ ತಾಲ್ಲೂಕಿನ ಪೂರ್ವದ ಅಂಚಿನಲ್ಲಿ, ಆಂಧ್ರದ ಗಡಿಗೆ ಸಮೀಪದಲ್ಲಿ ಧರ್ಮಪುರ ಹೋಬಳಿಯ ಹರಿಯಬ್ಬೆ ಇದೆ. ಶೇಂಗಾ, ರಾಗಿ, ತೊಗರಿಗಳನ್ನು ಮಳೆಯ ಮೇಲೆ ಭಾರ ಹಾಕಿ ಬೆಳೆಯುವ ಸೀಮೆ ಅದು. ಗಿರಿಯ ಜನರಿಗೂ ಆ ಬಯಲಿನ ಜನರಿಗೂ ನೀರಿನ ನಂಟಿನ ಜೊತೆಗೆ ಇನ್ನೊಂದು ನಂಟೂ ಉಂಟು. ಅದು ಒಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆ.

ಗಿರಿಯಲ್ಲಿ ಮನೆಗಳು ಚದುರಿವೆ; ಮಕ್ಕಳ ಸಂಖ್ಯೆ ಕಡಿಮೆ. ಬಯಲಿನ ಹಟ್ಟಿಗಳಲ್ಲಿ ಮಳೆ ಕೈಕೊಟ್ಟ ವರ್ಷ ತಂದೆ ತಾಯಿಯರು ಕೂಲಿಗೋ, ಕುರಿ ಹಿಂಡಿನ ಹಿಂದೆಯೋ ಹೊರಟರೆ ಹಾಜರಿ ಪುಸ್ತಕ ಬರಿದಾಗುತ್ತದೆ. ಕಾರಣಗಳು ಬೇರೆಯಾದರೂ ಫಲ ಒಂದೇ: ಐದು ತರಗತಿ, ಒಬ್ಬ ಗುರು.

ಆ ಗುರುವಿನ ದಿನಚರಿಯನ್ನು ಗಮನಿಸಬೇಕು. ಒಂದನೆಯ ತರಗತಿಯ ಮಗುವಿಗೆ ಅಕ್ಷರ ತಿದ್ದಿಸುವ ಹೊತ್ತಿನಲ್ಲೇ ಐದನೆಯ ತರಗತಿಗೆ ಭಿನ್ನರಾಶಿ ಹೇಳಬೇಕು. ಗಡಿಭಾಗದಲ್ಲಿ ಮನೆಯಲ್ಲಿ ತೆಲುಗು ಆಡುವ ಮಗುವಿಗೆ ಮೊದಲು ಕನ್ನಡದ ಕಿವಿ ಕೊಡಬೇಕು. ಹಾಲು, ಬಿಸಿಯೂಟದ ಲೆಕ್ಕ ಬರೆಯಬೇಕು; ದಾಖಲೆಗಳನ್ನು ತುಂಬಬೇಕು. ತರಬೇತಿಗೋ ಚುನಾವಣೆಯ ಕೆಲಸಕ್ಕೋ ಕರೆ ಬಂದರೆ, ಬದಲಿ ವ್ಯವಸ್ಥೆಯಿಲ್ಲದ ದಿನ ಶಾಲೆಯ ಬೀಗ ತೆರೆಯುವುದಿಲ್ಲ. ಎರಡು ತರಗತಿಗಳಿಗೆ ಪಾಠ ಹೇಳುವಾಗ ಉಳಿದ ಮೂರು ಕಾಯುತ್ತಿರುತ್ತವೆ. ಬಡವರ ಮಕ್ಕಳ ಕಲಿಕೆಯ ಬಹುಪಾಲು ಕಳೆದುಹೋಗುವುದು ಈ ಕಾಯುವಿಕೆಯಲ್ಲಿ.

ಒಬ್ಬ ಗುರುವಿನ ಶಾಲೆ ಈ ನಾಡಿಗೆ ಹೊಸದಲ್ಲ. ಹಿಂದಿನ ಕೂಲಿಮಠಗಳಲ್ಲಿ ಐಗಳೊಬ್ಬರೇ ಮರಳಿನ ಮೇಲೆ ಅಕ್ಷರ ಬರೆಸುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಮದರಾಸಿನಲ್ಲಿ ಅನಾಥ ಬಾಲಕರ ಶಾಲೆ ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಮಲಬಾರಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಹಿರಿಯರಿಂದ ಕಿರಿಯರಿಗೆ ಪಾಠ ಹೇಳಿಸುವ ಕ್ರಮವನ್ನು ರೂಪಿಸಿ, 1797ರಲ್ಲಿ ಆ ಕುರಿತು ಪುಸ್ತಕ ಪ್ರಕಟಿಸಿದ. ಇಂಗ್ಲೆಂಡಿನಲ್ಲಿ ಅದು ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು.

ಮಕ್ಕಳು ಮಕ್ಕಳಿಂದ ಕಲಿಯುವ ಈ ಗುಣ ‘ನಲಿಕಲಿ’ಯಲ್ಲೂ ಉಂಟು. ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಕ್ರಮ 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿತು. ಮಕ್ಕಳು ತಟ್ಟೆಗಳಲ್ಲಿ ಗುಂಪಾಗಿ ಕುಳಿತು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಒಂದು ತಟ್ಟೆಗೆ ಗುರುವಿನ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದರಲ್ಲಿ ಸ್ವಕಲಿಕೆ.

ಪರಿಸರ ಚಳವಳಿಗೆ ಇಲ್ಲಿ ಒಂದು ಕೆಲಸವಿದೆ. ಶಾಲೆಯ ಹೊರಗಿರುವ ಕೆರೆ, ಗುಡ್ಡ, ಹೊಲಗಳೆಲ್ಲವೂ ಪಾಠವಾಗಬಲ್ಲವು. ಹರಿಯಬ್ಬೆಯ ಸೀಮೆಯ ಮಗು ಅಂಗಳದಲ್ಲಿ ಡಬ್ಬಿಯಿಟ್ಟು ಮಳೆ ಅಳೆದರೆ ಅದು ಗಣಿತ. ಅಜ್ಜಿಯಿಂದ ಮಳೆನಕ್ಷತ್ರಗಳ ಹೆಸರು ಕೇಳಿ ಬರೆದರೆ ಅದು ಭಾಷೆ. ಹೊಂಗೆ, ಬೇವು, ಹುಣಸೆಗಳ ಎಲೆ ಹೋಲಿಸಿದರೆ ಅದು ವಿಜ್ಞಾನ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಏಕೆ ಬಂತು, ಕೆರೆ ತುಂಬಿದರೆ ಬಾವಿಗೇನಾಗುತ್ತದೆ ಎಂದು ಕೇಳಿದರೆ ಅದು ಊರಿನ ಬದುಕಿನ ಪ್ರಶ್ನೆ. ಐದೂ ತರಗತಿಗಳು ಒಟ್ಟಿಗೆ ಕುಳಿತು ಕಲಿಯಬಹುದಾದ ಪಾಠಗಳಿವು. ಚಿಕ್ಕವರು ಎಣಿಸಲಿ, ದೊಡ್ಡವರು ಬರೆದಿಡಲಿ.

ಆದರೆ ಒಂದು ಎಚ್ಚರಿಕೆಯೂ ಬೇಕು. ಪರಿಸರವು ಎರಡನೆಯ ಪಠ್ಯಪುಸ್ತಕವಾಗಬಹುದು, ಎರಡನೆಯ ಶಿಕ್ಷಕನಾಗಲಾರದು. ನಿಷ್ಠಾವಂತ ಗುರುವಿನ ತ್ಯಾಗವನ್ನು ಹೊಗಳುತ್ತ ಹೊಗಳುತ್ತ, ಆ ತ್ಯಾಗ ಏಕೆ ಬೇಕಾಯಿತೆಂಬ ಪ್ರಶ್ನೆಯನ್ನು ಮರೆಯುವುದು ಸುಲಭ. ಸನ್ಮಾನದ ಶಾಲು ಖಾಲಿ ಹುದ್ದೆಯನ್ನು ತುಂಬುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಏಕೋಪಾಧ್ಯಾಯ ಶಾಲೆಗಳಿಗೆ ಇನ್ನೊಬ್ಬ ಶಿಕ್ಷಕರನ್ನು ಕೊಡುವುದು 1987ರಲ್ಲಿ ಆರಂಭವಾದ ‘ಕಪ್ಪುಹಲಗೆ ಕಾರ್ಯಾಚರಣೆ’ಯ ಗುರಿಗಳಲ್ಲೊಂದಾಗಿತ್ತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳವರೆಗಿನ ಶಾಲೆಗೆ ಇಬ್ಬರು ಶಿಕ್ಷಕರಿರಬೇಕು. ಹೀಗಿದ್ದೂ 2024-25ರ ಕೇಂದ್ರ ಸರ್ಕಾರದ ಅಂಕಿಅಂಶದಂತೆ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಏಕೋಪಾಧ್ಯಾಯ ಶಾಲೆಗಳಿದ್ದವು. ಅವುಗಳಲ್ಲಿ 33 ಲಕ್ಷಕ್ಕೂ ಹೆಚ್ಚು ಮಕ್ಕಳು. ಕರ್ನಾಟಕದ ಪಾಲು 7 ಸಾವಿರಕ್ಕೂ ಮಿಗಿಲು.

ಶಾಲೆ ಸೊರಗಿದರೆ ಮೊದಲು ಉಳ್ಳವರ ಮಕ್ಕಳು ವ್ಯಾನು ಹತ್ತಿ ಪೇಟೆಗೆ ಹೋಗುತ್ತಾರೆ. ಸಂಖ್ಯೆ ಕುಸಿಯುತ್ತದೆ, ಕುಸಿದ ಸಂಖ್ಯೆಯೇ ಶಿಕ್ಷಕರನ್ನು ಕೊಡದಿರಲು ಕಾರಣವಾಗುತ್ತದೆ. ಮಕ್ಕಳ ಹಿಂದೆಯೇ ಮನೆಗಳೂ ಊರು ಬಿಡುತ್ತವೆ. ಜನರಿಲ್ಲದ ಊರಿನಲ್ಲಿ ಕೆರೆಯ ಹೂಳು ತೆಗೆಯುವವರಾರು, ಕಾಡಿಗೆ ಬೆಂಕಿ ಬಿದ್ದರೆ ಓಡಿಬರುವವರಾರು? ಶಾಲೆ ಉಳಿಸುವ ಕೆಲಸ ನೆಲ ಉಳಿಸುವ ಕೆಲಸವೇ ಆಗಿದೆ.

ಗ್ರಾಮಸ್ಥರು ಮಾಡಬಹುದಾದದ್ದು ದೊಡ್ಡದೇನಲ್ಲ. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬ ವೇದಿಕೆಯಿದೆ. ಅದರ ಸಭೆ ಕಾಗದದ ಮೇಲೆ ಮಾತ್ರ ನಡೆಯದಿರಲಿ. ಶಿಕ್ಷಕರಿಲ್ಲದೆ ಬಾಗಿಲು ಮುಚ್ಚಿದ ದಿನಗಳನ್ನು ದಿನಾಂಕ ಸಹಿತ ಬರೆದಿಡಲಿ. ಆ ಪಟ್ಟಿ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗಿ, ಎರಡನೆಯ ಶಿಕ್ಷಕರ ಬೇಡಿಕೆಯೊಡನೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ತಲುಪಲಿ. ಕಾಲೇಜಿನ ವಿದ್ಯಾರ್ಥಿಗಳು ಶನಿವಾರದ ಒಂದು ಹೊತ್ತು ತಮ್ಮೂರಿನ ಶಾಲೆಗೆ ಹೋಗಿ ಮಕ್ಕಳೊಡನೆ ಓದಲಿ. ಆದರೆ ಅದು ಹುದ್ದೆ ತುಂಬದಿರಲು ನೆಪವಾಗದಿರಲಿ.

ಗಿರಿಯ ಮೇಲೆ ಬಿದ್ದ ಮಳೆಗೆ ಬಯಲಿನ ಕೆರೆ ಕಾಯುತ್ತದೆ. ಒಂದೇ ಕೊಠಡಿಯ ಮೂಲೆಯಲ್ಲಿ ಸ್ಲೇಟು ಹಿಡಿದು ಕುಳಿತ ಮಗುವೂ ತನ್ನ ಸರದಿಗೆ ಕಾಯುತ್ತಿದೆ. ಮಳೆ ತರಿಸುವುದು ಯಾರ ಕೈಯಲ್ಲೂ ಇಲ್ಲ. ಶಾಲೆಗೆ ಇನ್ನೊಬ್ಬ ಗುರುವನ್ನು ತರಿಸುವುದು ಊರು ಒಗ್ಗೂಡಿದರೆ ಆಗದ ಮಾತಲ್ಲ.