ರೇಡಾರ್ ನಕ್ಷೆಯನ್ನು ಓದುವ ಬಗೆ

(ನಮ್ಮ ಕೂಟದ ವಸಂತೋತ್ಸವದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಊಟಕ್ಕೆ ಮುಂಚಿನ ಭಾಷಣ ಚಿಕ್ಕದಾಗಿರಬೇಕೆಂಬ ನಿಯಮವನ್ನು ನಾನು ಬಲ್ಲೆ. ಆದುದರಿಂದ ನೇರವಾಗಿ 2019ರ ಅಕ್ಟೋಬರ್ 20ರ ಭಾನುವಾರ ರಾತ್ರಿಗೆ ಬರುತ್ತೇನೆ. ಡಲ್ಲಾಸ್ ನಗರದ ಉತ್ತರ ಭಾಗದಲ್ಲಿ ವಾಸಿಸುವ ನಿಮ್ಮಲ್ಲಿ ಹಲವರು ಆ ರಾತ್ರಿಯನ್ನು ಮರೆತಿರಲಾರಿರಿ. ದೀಪಾವಳಿಗೆ ಒಂದು ವಾರವಿತ್ತು. ಊರಿನಿಂದ ಬಂದಿದ್ದ ನನ್ನ ತಾಯಿಯವರು ಅಡುಗೆಮನೆಯಲ್ಲಿ ಚಕ್ಕುಲಿಗೆ ಹಿಟ್ಟು ನಾದುತ್ತಿದ್ದರು. ಒಂಬತ್ತು ಗಂಟೆಯ ಸುಮಾರಿಗೆ ಫೋನು ಅರಚಿಕೊಂಡಿತು. ನಾನು ರೇಡಾರ್ ನಕ್ಷೆಯನ್ನು ತೆರೆದೆ. ತಾಯಿಯವರು ಇಣುಕಿ ನೋಡಿ, “ಇದೇನಪ್ಪಾ ಈ ಕೆಂಪು ಚೌಕ? ನಮ್ಮ ಮನೆ ಅದರ ಒಳಗಿದೆಯೋ, ಹೊರಗಿದೆಯೋ?” ಎಂದು ಕೇಳಿದರು.

ಮೂವತ್ತು ವರ್ಷ ಎಂಜಿನಿಯರನಾಗಿ ದುಡಿದ ನನಗೆ ಉತ್ತರ ತಿಳಿಯಲಿಲ್ಲ. ಬಾಗಿಲು ತೆರೆದು ಆಕಾಶವನ್ನು ನೋಡಲು ಅಂಗಳಕ್ಕೆ ಹೋದೆ. ಮಾಡಬಾರದ ಕೆಲಸವೆಂದರೆ ಅದೇ. ಆ ಸುಂಟರಗಾಳಿ ಇಎಫ್-3 ದರ್ಜೆಯದು. ಸುಮಾರು ಹದಿನೈದು ಮೈಲಿ ದೂರ ಮನೆ, ಶಾಲೆ, ಅಂಗಡಿಗಳನ್ನು ಸೀಳಿಕೊಂಡು ಹೋಯಿತು. ಪ್ರಾಣಹಾನಿಯಾಗಲಿಲ್ಲ. ನಮ್ಮ ಮನೆ ಉಳಿದದ್ದು ಹಿರಿಯರ ಪುಣ್ಯದಿಂದಲೇ ಹೊರತು ನನ್ನ ತಿಳಿವಳಿಕೆಯಿಂದಲ್ಲ. ಆ ನಾಚಿಕೆಯಿಂದಾಗಿ ಮುಂದೆ ರಾಷ್ಟ್ರೀಯ ಹವಾಮಾನ ಸೇವೆಯವರು ಸಾರ್ವಜನಿಕರಿಗೆ ಉಚಿತವಾಗಿ ನಡೆಸುವ ತರಗತಿಗೆ ಹೋಗಿ ಕುಳಿತೆ. ಅಲ್ಲಿ ಕಲಿತದ್ದರಲ್ಲಿ ಕೆಲವನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಬಣ್ಣಗಳು. ರೇಡಾರ್ ಮಳೆಯನ್ನು ಕಾಣುವುದಿಲ್ಲ. ತಾನು ಕಳಿಸಿದ ಅಲೆಯ ಮರುದನಿಯನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ಮರುದನಿಯ ಬಲವನ್ನು ಡಿಬಿಝಡ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಇಪ್ಪತ್ತರ ಆಸುಪಾಸು ತುಂತುರು, ನಲವತ್ತು ದಾಟಿದರೆ ಜೋರು ಮಳೆ, ಅರವತ್ತು ದಾಟಿದರೆ ಆಲಿಕಲ್ಲಿನ ಸಂಶಯ. ಈ ಮಾನದಲ್ಲಿ ಹತ್ತು ಅಂಶ ಏರಿತೆಂದರೆ ಮರುದನಿ ಹತ್ತು ಪಟ್ಟಾಯಿತೆಂದು ಅರ್ಥ. ಇನ್ನೊಂದು ಸ್ವಾರಸ್ಯವಿದೆ: ಹನಿಯ ಅಡ್ಡಳತೆ ಎರಡು ಪಟ್ಟಾದರೆ ಅದರ ಮರುದನಿ ಅರವತ್ತನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಕೆಲವೇ ದಪ್ಪ ಹನಿಗಳು ನಕ್ಷೆಯನ್ನು ಕೆಂಪಾಗಿಸಬಲ್ಲವು. ನಮ್ಮ ಮಲೆನಾಡಿನ ಜಿಟಿಜಿಟಿ ಮಳೆ ದಿನವಿಡೀ ಸುರಿದರೂ ಹಸಿರಾಗಿಯೇ ತೋರಬಹುದು. ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆಗೆ ಹೆಸರಿಟ್ಟು ಗುಣ ಹೇಳುತ್ತಿದ್ದ ನಮ್ಮ ರೈತರಿಗೆ ಮಳೆ ಮಳೆಗೂ ಇರುವ ಈ ವ್ಯತ್ಯಾಸ ಹೊಸದೇನಲ್ಲ.

ಎರಡನೆಯ ನಕ್ಷೆ ವೇಗದ್ದು. 1842ರಲ್ಲಿ ಡಾಪ್ಲರ್ ಎಂಬ ವಿಜ್ಞಾನಿ ಹೇಳಿದ ತತ್ತ್ವವೇ ಇಲ್ಲಿಯ ಆಧಾರ. ರೈಲು ಹತ್ತಿರ ಬರುವಾಗ ಸಿಳ್ಳೆಯ ಸ್ವರ ಏರುತ್ತದೆ, ದೂರ ಸರಿಯುವಾಗ ಇಳಿಯುತ್ತದೆಯಲ್ಲವೆ? ಹಾಗೆಯೇ ರೇಡಾರ್ ಕಡೆಗೆ ಬರುವ ಗಾಳಿ ಹಸಿರು, ದೂರ ಹೋಗುವ ಗಾಳಿ ಕೆಂಪು. ಇಲ್ಲಿ ಕೆಂಪೆಂದರೆ ಅಪಾಯವಲ್ಲ, ಹಸಿರೆಂದರೆ ಕ್ಷೇಮವಲ್ಲ. ಗಾಢವಾದ ಹಸಿರೂ ಗಾಢವಾದ ಕೆಂಪೂ ಅಂಟಿಕೊಂಡು ನಿಂತಿದ್ದರೆ ಮಾತ್ರ ಎದೆ ಝಲ್ಲೆನ್ನಬೇಕು; ಅಲ್ಲಿ ಗಾಳಿ ಸುತ್ತುತ್ತಿದೆ. ಮೊದಲ ನಕ್ಷೆಯಲ್ಲಿ ಅದೇ ಜಾಗದಲ್ಲಿ ಬಾವಿಯ ಪಾತಾಳಗರಡಿಯಂಥ ಕೊಕ್ಕೆಯ ಆಕಾರ ಕಾಣಬಹುದು. ಈ ಕೊಕ್ಕೆಯನ್ನು ಸುಂಟರಗಾಳಿಯೊಡನೆ ಮೊದಲು ಗುರುತಿಸಿ ದಾಖಲಿಸಿದ್ದು ಇಲಿನಾಯ್ ರಾಜ್ಯದ ಷಾಂಪೇನ್‌ನಲ್ಲಿ, 1953ರ ಏಪ್ರಿಲ್ 9ರಂದು.

ಇನ್ನು ಗುರುತುಗಳು. ಹವಾಮಾನ ಸೇವೆಯ ಪದ್ಧತಿಯಲ್ಲಿ ತಲೆಕೆಳಗಾದ ತ್ರಿಕೋನ ಸುಂಟರಗಾಳಿಯ ಸುಳಿಯನ್ನೂ, ವೃತ್ತವು ಬಿರುಗಾಳಿಯ ಒಡಲಿನ ತಿರುಗಾಟವನ್ನೂ, ಹಸಿರು ತ್ರಿಕೋನ ಆಲಿಕಲ್ಲನ್ನೂ ಸೂಚಿಸುತ್ತವೆ. ಮೋಡದ ಮುಂದೆ ಚಾಚಿದ ಗೆರೆ ಅದು ಸಾಗುವ ದಾರಿ. ಅದರ ಮೇಲಿನ ಪ್ರತಿ ಅಡ್ಡಗೀಟು ಹದಿನೈದು ನಿಮಿಷದ ಪ್ರಯಾಣ. ಪಕ್ಕದಲ್ಲಿರುವ ಒಂದು ಅಕ್ಷರ, ಒಂದು ಅಂಕೆ ಆ ಮೋಡಕ್ಕಿಟ್ಟ ಹೆಸರು. ಖಾಸಗಿ ಕಂಪನಿಗಳ ನಕ್ಷೆಗಳಲ್ಲಿ ಚಿಹ್ನೆಗಳು ಬೇರೆಯಾಗಿರುವುದುಂಟು. ಮೂಲೆಯ ಸೂಚಿಯನ್ನು ನೋಡಿಕೊಳ್ಳಿ.

ಈ ತ್ರಿಕೋನ, ವೃತ್ತಗಳನ್ನೆಲ್ಲ ಹಾಕುವುದು ಗಣಕಯಂತ್ರ. ಅದು ಇಲ್ಲದ ಸುಳಿಯನ್ನು ಕಾಣುತ್ತದೆ, ಇರುವುದನ್ನು ಬಿಡುತ್ತದೆ. ನನ್ನ ತಾಯಿಯವರು ಕೇಳಿದ “ಕೆಂಪು ಚೌಕ”ವಾದರೋ ಬೇರೆ. ರಾತ್ರಿಪಾಳಿಯಲ್ಲಿ ಎಚ್ಚರವಾಗಿ ಕುಳಿತ ಒಬ್ಬ ತಜ್ಞ, ಎಲ್ಲವನ್ನೂ ತೂಗಿ ನೋಡಿ, ತನ್ನ ಹೊಣೆಯ ಮೇಲೆ ಎಳೆದ ಗೆರೆ ಅದು. ಸುಂಟರಗಾಳಿಯ ಎಚ್ಚರಿಕೆಗೆ ಕೆಂಪು, ಬಿರುಮಳೆಗೆ ಸಾಮಾನ್ಯವಾಗಿ ಹಳದಿ, ದಿಢೀರ್ ಪ್ರವಾಹಕ್ಕೆ ಬಹಳಷ್ಟು ನಕ್ಷೆಗಳಲ್ಲಿ ಹಸಿರು. 2007ರ ಅಕ್ಟೋಬರ್‌ವರೆಗೆ ಇಡೀ ಕೌಂಟಿಗೇ ಎಚ್ಚರಿಕೆ ಹೊರಡುತ್ತಿತ್ತು. ಆಮೇಲೆ ಹೀಗೆ ಅಪಾಯದ ಜಾಗವನ್ನಷ್ಟೇ ಗೆರೆಯೊಳಗೆ ಸೇರಿಸುವ ಕ್ರಮ ಬಂತು. ನಿಮ್ಮ ಮನೆ ಗೆರೆಯ ಒಳಗಿದ್ದರೆ ತ್ರಿಕೋನವನ್ನು ಹುಡುಕುತ್ತ ಕೂರಬೇಡಿ. ಕೆಳಮಹಡಿಯಲ್ಲಿ, ಮನೆಯ ನಡುವೆ, ಕಿಟಕಿಯಿಲ್ಲದ ಕೋಣೆಯನ್ನು ಸೇರಿಕೊಳ್ಳಿ.

ವಾಚ್, ವಾರ್ನಿಂಗ್ ಎಂಬ ಎರಡು ಮಾತುಗಳು ನಮ್ಮವರನ್ನು ಬಹಳ ಕಾಡುತ್ತವೆ. ಮೋಡ ಕಟ್ಟಿದೆ, ಬಟ್ಟೆ ಎತ್ತಿಡಲು ಸಿದ್ಧರಾಗಿ ಎಂಬುದು ವಾಚ್. ಹನಿ ಬಿತ್ತು, ಓಡಿ ಎಂಬುದು ವಾರ್ನಿಂಗ್. ವಾಚ್‌ನ ಆವರಣ ಹಲವಾರು ಕೌಂಟಿಗಳಷ್ಟು ವಿಶಾಲ, ಅವಧಿ ಹಲವು ಗಂಟೆ. ವಾರ್ನಿಂಗ್ ಚಿಕ್ಕದು, ಅವಧಿಯೂ ಬಹುಮಟ್ಟಿಗೆ ಒಂದು ಗಂಟೆಯೊಳಗೆ.

ನಕ್ಷೆ ಸುಳ್ಳು ಹೇಳುವುದೂ ಉಂಟು. ರೇಡಾರಿನ ಅತಿ ಕೆಳಗಿನ ಕಿರಣವೂ ಸಾಮಾನ್ಯವಾಗಿ ಅರ್ಧ ಡಿಗ್ರಿ ಮೇಲ್ಮುಖವಾಗಿರುತ್ತದೆ, ಭೂಮಿಯೋ ದುಂಡಗಿದೆ. ನೂರು ಕಿಲೋಮೀಟರ್ ದೂರದಲ್ಲಿ ಕಿರಣ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿರುತ್ತದೆ, ಇನ್ನೂರರಲ್ಲಿ ನಾಲ್ಕು. ಅದರ ಕೆಳಗೆ ನಡೆಯುವುದು ಅದಕ್ಕೆ ಕಾಣದು. ನಕ್ಷೆಯಲ್ಲಿ ಮಳೆಯಿದ್ದು ಅಂಗಳ ಒಣಗಿದ್ದರೆ, ಹನಿಗಳು ದಾರಿಯಲ್ಲೇ ಆವಿಯಾದವೆಂದು ತಿಳಿಯಿರಿ. ಬೆಳಗಿನ ಹೊತ್ತು ಉಂಗುರದಂತೆ ಹರಡುವುದು ಗೂಡು ಬಿಟ್ಟೆದ್ದ ಹಕ್ಕಿಗಳ ಹಿಂಡಾಗಿರಬಹುದು. ಆಸ್ಟಿನ್ ಕಡೆ ಸಂಜೆ ಬಾವಲಿಗಳೂ ಹಾಗೆಯೇ ತೋರುತ್ತವೆ. ಸೂರ್ಯ ಹುಟ್ಟುವಾಗ, ಮುಳುಗುವಾಗ ಆ ದಿಕ್ಕಿಗೆ ಒಂದು ನೇರ ಗೆರೆ ಮೂಡುತ್ತದೆ. ಅದು ಸೂರ್ಯನದೇ ರೇಡಿಯೋ ಅಲೆ. 2013ರ ವೇಳೆಗೆ ದೇಶದ ಈ ರೇಡಾರುಗಳಿಗೆಲ್ಲ ಅಡ್ಡ ಮತ್ತು ಉದ್ದ ಎರಡೂ ಬಗೆಯ ಅಲೆಗಳನ್ನು ಕಳಿಸುವ ಶಕ್ತಿ ಬಂದುದರಿಂದ ಹನಿ, ಹಕ್ಕಿ, ಮುರಿದ ಮರದ ಚೂರುಗಳನ್ನು ಬೇರ್ಪಡಿಸಲು ತಜ್ಞರಿಗೆ ಸಾಧ್ಯವಾಗಿದೆ. 2019ರ ಆ ರಾತ್ರಿ ರೇಡಾರಿಗೆ ಕಂಡದ್ದರಲ್ಲಿ ಅಂಥ ಚೂರುಗಳೂ ಇದ್ದವು. ಯಾರದೋ ಮನೆಯ ಸೂರು ಎಂದು ಯೋಚಿಸಿದಾಗ ಮನಸ್ಸು ಭಾರವಾಗುತ್ತದೆ.

ಗಡಿಯಾರದ ವಿಷಯವೊಂದನ್ನು ಹೇಳಿ ಮುಗಿಸುತ್ತೇನೆ. ಚಿತ್ರದ ಮೂಲೆಯಲ್ಲಿ ವೇಳೆ ಬರೆದಿರುತ್ತದೆ. ಪಕ್ಕದಲ್ಲಿ ಝಡ್ ಎಂದಿದ್ದರೆ ಅದು ಗ್ರೀನಿಚ್ ವೇಳೆ. ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಆರು ಗಂಟೆ ಕಳೆದರೆ ನಮ್ಮ ಡಲ್ಲಾಸ್ ವೇಳೆ. ರೇಡಾರ್ ಒಂದು ಸುತ್ತು ನೋಡಿ ಮುಗಿಸಲು ಹಲವು ನಿಮಿಷ ಬೇಕು. ನಿಮ್ಮ ಫೋನಿಗೆ ಬರಲು ಇನ್ನಷ್ಟು. ಗಂಟೆಗೆ ನಲವತ್ತು ಮೈಲಿ ಓಡುವ ಮೋಡ ಆರು ನಿಮಿಷದಲ್ಲಿ ನಾಲ್ಕು ಮೈಲಿ ಮುಂದೆ ಬಂದಿರುತ್ತದೆ. ಚಿತ್ರದಲ್ಲಿ ಅದು ಪಕ್ಕದ ಊರಿನಲ್ಲಿರುವಾಗಲೇ ನಿಮ್ಮ ಬಾಗಿಲಲ್ಲಿರಬಹುದು.

ರೇಡಿಯೋದವರು ಇಂದಿಗೂ ಕೌಂಟಿಯ ಹೆಸರನ್ನೇ ಹೇಳುತ್ತಾರೆ. ಊರಿನಿಂದ ಬಂದ ತಂದೆತಾಯಿಯರು ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುತ್ತಾರೆ. ನಿಮ್ಮ ಕೌಂಟಿಯ ಹೆಸರನ್ನು, ಅವಿತುಕೊಳ್ಳಬೇಕಾದ ಕೋಣೆಯನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ. ಡಲ್ಲಾಸ್, ಕಾಲಿನ್, ಡೆಂಟನ್, ಟ್ಯಾರಂಟ್ ನಾಲ್ಕೂ ಕೌಂಟಿಗಳ ಕಾಗದದ ನಕ್ಷೆಯನ್ನು ಆ ಮೂಲೆಯ ಮೇಜಿನ ಮೇಲೆ ಹರಡಿದ್ದೇನೆ. ಊಟವಾದ ಮೇಲೆ ಹಿರಿಯರನ್ನೂ ಕರೆದುಕೊಂಡು ಬನ್ನಿ. ನಿಮ್ಮ ಮನೆಯಿರುವಲ್ಲಿ ಒಂದು ಚುಕ್ಕೆ ಇಟ್ಟುಕೊಡುತ್ತೇನೆ.